ಕಟ್ಟಿಗೆ ಸುಡದೆ ಲೋಹ ಹುಯ್ಯುವುದು ಹೇಗೆ? ಹಿಡಿಕೆಗೆ ಪ್ಯೂಟರ್ ಬಳೆ ಕೂರಿಸುವ ಕೆಲಸ

ಚಾಕುವಿನ ಕಟ್ಟಿಗೆ ಹಿಡಿಕೆಯ ಮೇಲೆ ಕರಗಿದ ಲೋಹವನ್ನು ನೇರವಾಗಿ ಹುಯ್ಯುತ್ತಾರೆ ಅಂದರೆ ಎಲ್ಲರೂ ಮೊದಲು ಕೇಳುವುದು ಒಂದೇ: ಕಟ್ಟಿಗೆ ಸುಡುವುದಿಲ್ಲವೇ? ಸುಡುವುದಿಲ್ಲ. ಇನ್ನೂ ವಿಚಿತ್ರ ಅಂದರೆ, ಇಲ್ಲಿ ಅಚ್ಚು ಅಂತ ಹಿಡಿಕೆಗೆ ಸುತ್ತುವುದು ಬರೀ ದಪ್ಪ ಕಾಗದ. ಅದಕ್ಕೂ ಬೆಂಕಿ ಹತ್ತುವುದಿಲ್ಲ. ಬಿಚ್ಚಿದಾಗ ಒಳಮೈ ಕಂದುಬಣ್ಣಕ್ಕೆ ತಿರುಗಿರುತ್ತದೆ, ಅಷ್ಟೇ.

ಈ ಲೋಹದ ಹೆಸರು ಪ್ಯೂಟರ್. ಹೆಚ್ಚಿನ ಪಾಲು ತವರ, ಗಟ್ಟಿತನಕ್ಕೆ ಆಂಟಿಮನಿ ಅನ್ನುವ ಇನ್ನೊಂದು ಧಾತು ಸ್ವಲ್ಪ, ತಾಮ್ರ ಸ್ವಲ್ಪ. ಇಂಗ್ಲೆಂಡಿನಲ್ಲಿ ಇದರ ಕಸಬುದಾರರು 1348ರಲ್ಲೇ ತಮ್ಮ ಸಂಘಕ್ಕೆ ಕಟ್ಟುಪಾಡು ಬರೆದುಕೊಂಡಿದ್ದರು. ಆದರೆ ಅವರು ಮಾಡುತ್ತಿದ್ದದ್ದು ತಟ್ಟೆ, ಲೋಟ, ಹೂಜಿ. ಹಿಡಿಕೆಯ ಮೇಲೇ ಹುಯ್ಯುವ ಕೆಲಸ ಹೆಚ್ಚು ಕಾಣುವುದು 18 ಮತ್ತು 19ನೇ ಶತಮಾನದ ಅಮೆರಿಕದಲ್ಲಿ. ಜಿಂಕೆ ಕೊಂಬಿನ ಹಿಡಿಕೆಯ ಚಾಕುಗಳಲ್ಲಿ ಅಲಗು ಮತ್ತು ಹಿಡಿಕೆ ಸೇರುವ ಕಡೆ ಬೂದು ಬೆಳ್ಳಿ ಬಣ್ಣದ ಒಂದು ಬಳೆ ಇರುತ್ತದೆ. ಅದನ್ನು ಬೇರೆ ಮಾಡಿ ತೂರಿಸಿದ್ದಲ್ಲ, ಅಲ್ಲೇ ಹುಯ್ದದ್ದು. ಆ ಕಾಲದ ಉದ್ದನೆಯ ಬಂದೂಕುಗಳಲ್ಲಿ ನಳಿಗೆಯ ಕೆಳಗಿನ ಮರದ ತುದಿಗೂ ಹೀಗೇ ಟೋಪಿ ಹಾಕುತ್ತಿದ್ದರು. ಅಲ್ಲಿನ ಮೂಲನಿವಾಸಿಗಳು ಕೆಂಪು ಕಲ್ಲಿನ ಚಿಲುಮೆಗಳಲ್ಲಿ ಗೀರು ಕೊರೆದು, ಸೀಸವನ್ನೋ ಪ್ಯೂಟರನ್ನೋ ಹುಯ್ದು ಚಿತ್ತಾರ ಮಾಡುತ್ತಿದ್ದರು.

ನಮ್ಮ ಕಡೆ ಇದಕ್ಕೆ ಹತ್ತಿರದ ನೆಂಟ ಅಂದರೆ ಕಲಾಯಿ. ಪುಣೆಯ ಕಸಬಾ ಪೇಠೆಯಲ್ಲಿ ತಾಂಬಟ್ ಆಳಿ ಅಂತ ತಾಮ್ರಗಾರರ ಓಣಿ ಇದೆ. ಅಲ್ಲಿನ ತಾಮ್ರದ ಪಾತ್ರೆಗಳ ಒಳಮೈಗೆ ಬಳಿಯುವುದೂ ಇದೇ ತವರ. ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಮುಟ್ಟಿಸಿ, ಬಟ್ಟೆಯಿಂದ ಒರೆಸಿದರೆ ಕಣ್ಣೆದುರಿಗೇ ಬೆಳ್ಳಗಾಗುತ್ತದೆ. ಅಲ್ಲಿ ತವರ ತಾಮ್ರಕ್ಕೆ ನಿಜವಾಗಿಯೂ ಅಂಟಿಕೊಳ್ಳುತ್ತದೆ, ಎರಡು ಲೋಹಗಳೂ ಸೇರಿ ತೆಳುವಾದ ಪದರವೇ ಹುಟ್ಟುತ್ತದೆ. ಕಟ್ಟಿಗೆಯ ಮೇಲೆ ಹುಯ್ದಾಗ ಹಾಗೆ ಏನೂ ಅಂಟುವುದಿಲ್ಲ. ಈ ಒಂದು ವ್ಯತ್ಯಾಸ ಅರ್ಥವಾದರೆ ಇಡೀ ಕೆಲಸದ ಅರ್ಧ ಅರ್ಥವಾದ ಹಾಗೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸುಡುವ ಪ್ರಶ್ನೆ.

ದೀಪಾವಳಿಯ ಸುರ್‌ಸುರ್ ಬತ್ತಿ ಹಿಡಿದಾಗ ಕಿಡಿ ಕೈಮೇಲೆ ಬಿದ್ದರೆ ಚುರುಕ್ ಅಂತ ಅನ್ನಿಸಿ ಸುಮ್ಮನಾಗುತ್ತದೆ. ಆ ಕಿಡಿಯ ಬಿಸಿ ಸಾವಿರ ಡಿಗ್ರಿ ಆಸುಪಾಸು. ಅದೇ ಕುದಿಯುವ ನೀರು ಬರೀ ನೂರು ಡಿಗ್ರಿ, ಆದರೆ ಒಂದು ಲೋಟ ಚೆಲ್ಲಿಕೊಂಡರೆ ಆಸ್ಪತ್ರೆಗೆ ಓಡಬೇಕು. ಎಷ್ಟು ಬಿಸಿ ಇದೆ ಅನ್ನುವುದು ಬೇರೆ, ಒಳಗೆ ಎಷ್ಟು ಶಾಖ ತುಂಬಿದೆ ಅನ್ನುವುದು ಬೇರೆ.

ತವರದ ಗುಣವೇ ಕಡಿಮೆ ಶಾಖ ಇಟ್ಟುಕೊಳ್ಳುವುದು. ಅದು ಕರಗುವುದು 232 ಡಿಗ್ರಿಗೆ. ಕರಗಿದ ಒಂದು ಕಿಲೋ ತವರ ಹೆಪ್ಪುಗಟ್ಟುವಾಗ ಬಿಡುವ ಶಾಖ ಸುಮಾರು 60 ಕಿಲೋಜೂಲ್. ಅಲ್ಯೂಮಿನಿಯಂ ಆದರೆ ಸುಮಾರು 400. ಒಂದು ಚಾಕುವಿನ ಬಳೆಗೆ 30 ಗ್ರಾಂ ಪ್ಯೂಟರ್ ಬೇಕು ಅಂತ ಇಟ್ಟುಕೊಳ್ಳಿ. 300 ಡಿಗ್ರಿಯಲ್ಲಿ ಹುಯ್ದರೆ, ಗಟ್ಟಿಯಾಗುವಷ್ಟರಲ್ಲಿ ಅದು ಬಿಡುವ ಶಾಖ ಎರಡು ಕಿಲೋಜೂಲ್‌ಗಿಂತ ಸ್ವಲ್ಪ ಜಾಸ್ತಿ. ಅಷ್ಟು ಶಾಖದಿಂದ ಅರ್ಧ ಲೋಟ ನೀರು ಐದಾರು ಡಿಗ್ರಿ ಬಿಸಿಯಾಗುತ್ತದೆ. ಸ್ನಾನಕ್ಕೂ ಸಾಲದು!

ಕಟ್ಟಿಗೆ 200 ಡಿಗ್ರಿ ದಾಟಿದರೆ ಕರಕಲಾಗತೊಡಗುತ್ತದೆ ನಿಜ. ಆದರೆ ಅದಕ್ಕೆ ಹೊತ್ತು ಬೇಕು. ಕಟ್ಟಿಗೆಯಲ್ಲಿ ಶಾಖ ನಿಧಾನವಾಗಿ ಹರಿಯುತ್ತದೆ, ಹಾಗಾಗಿ ಮೇಲಿನ ಕೂದಲೆಳೆಯಷ್ಟು ಪದರ ಮಾತ್ರ ಬಿಸಿ ತಿನ್ನುತ್ತದೆ. ಅದು ಕಪ್ಪಾಗುವ ಮೊದಲೇ ಲೋಹ ಗಟ್ಟಿಯಾಗಿ ತಣಿಯತೊಡಗಿರುತ್ತದೆ. ಇದೇ ಜಾಗದಲ್ಲಿ ಅಲ್ಯೂಮಿನಿಯಂ ಹುಯ್ದರೆ 660 ಡಿಗ್ರಿಯ ಲೋಹ, ಅದೇ ಗಾತ್ರಕ್ಕೆ ಎರಡರಷ್ಟು ಶಾಖ. ಹಿತ್ತಾಳೆಯಾದರೆ 900 ಡಿಗ್ರಿ. ಹಿಡಿಕೆ ಹೊತ್ತಿಕೊಂಡು ಉರಿಯುತ್ತದೆ. ಅಲ್ಲಿಗೆ ಆಟ ಮುಗಿಯಿತು.

ನಮ್ಮ ಕಟ್ಟಡದಲ್ಲಿ ಬೆಳಗಾವಿ ಕಡೆಯ ಕಾಕಾ ಒಬ್ಬರಿದ್ದಾರೆ. ಪುಣೆ ಹತ್ತಿರದ ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ ಬೇರಿಂಗ್‌ಗಳಿಗೆ ವೈಟ್ ಮೆಟಲ್ ಅನ್ನುವ ಮಿಶ್ರಲೋಹ ಹುಯ್ಯುವ ಕೆಲಸ ಮಾಡಿ ನಿವೃತ್ತರಾದವರು. ಅವರಿಗೆ ಈ ಕಿಲೋಜೂಲ್ ಲೆಕ್ಕ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅದೆಲ್ಲಾ ಖರೆ ತಮ್ಮಾ. ಬಿಸಿ ಹೆಚ್ಚಾದ್ರ ಕಟ್ಟಿಗಿ ಸುಡತೈತಿ, ಕಡಿಮಿ ಆದ್ರ ತವರಾ ನಡಕ ನಿಂದರತೈತಿ. ನಡುವಿಂದ ಹಿಡೀಬೇಕು" ಅಂದರು. ನಾನು ಮೂರು ಪ್ಯಾರಾದಲ್ಲಿ ಹೇಳಿದ್ದು ಅವರ ಎರಡು ಮಾತಿನಲ್ಲಿ ಮುಗಿದಿತ್ತು.

ಆ "ನಡುವಿಂದ" ಹಿಡಿಯುವುದು ಹೇಗೆ? ಹಳೆಯ ಉಪಾಯ ಒಂದಿದೆ. ಒಂದು ಒಣ ಕಡ್ಡಿಯನ್ನೋ ಕಾಗದದ ತುಂಡನ್ನೋ ಕರಗಿದ ಲೋಹದಲ್ಲಿ ಅದ್ದಿ ನೋಡಬೇಕು. ನಿಧಾನವಾಗಿ ಕಂದು ಬಣ್ಣಕ್ಕೆ ಬಂದರೆ ಸರಿ. ಥಟ್ಟನೆ ಕಪ್ಪಾಗಿ ಹೊಗೆಯಾಡಿದರೆ ಬಿಸಿ ಜಾಸ್ತಿ, ಉರಿ ತೆಗೆದು ಸ್ವಲ್ಪ ಕಾಯಬೇಕು. ಬಂದೂಕಿನ ಹಾಗೆ ಗುರಿ ಹಿಡಿದು ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಈಗ ಎಲ್ಲರ ಕೈಯಲ್ಲೂ ಇದೆ. ಇಲ್ಲಿ ಅದನ್ನು ನಂಬಬೇಡಿ. ಹೊಳೆಯುವ ಲೋಹದ ಮೇಲೆ ಅದು ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಲೋಹದೊಳಗೆ ಅದ್ದುವ ಥರ್ಮೋಕಪಲ್ ತಂತಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಡ್ಡಿಯೇ ಸಾಕು.

ಇನ್ನು ಯಾವ ಲೋಹ ತರುವುದು ಅನ್ನುವ ವಿಷಯ. ಒಳ್ಳೆಯ ಪ್ಯೂಟರ್‌ನಲ್ಲಿ ನೂರಕ್ಕೆ 92 ಪಾಲು ತವರ, 6 ಆಂಟಿಮನಿ, 2 ತಾಮ್ರ. ಈ ಲೆಕ್ಕದಲ್ಲಿ ಸ್ವಲ್ಪ ಆಚೀಚೆ ಆಗಬಹುದು. ಹಳೆಯ ಕಾಲದಲ್ಲಿ ಸೀಸ ಸೇರಿಸುತ್ತಿದ್ದರು. ಅಗ್ಗವಾಗುತ್ತಿತ್ತು, ಸುಲಭವಾಗಿ ಹರಿಯುತ್ತಿತ್ತು. ಈಗ ಸೀಸ ಬೇಡವೇ ಬೇಡ. ಚಾಕುವಿನ ಹಿಡಿಕೆ ಅಂದರೆ ದಿನಾ ಬೆವರಿದ ಕೈಯಲ್ಲಿ ಹಿಡಿಯುವ ವಸ್ತು, ಅದೇ ಕೈಯಲ್ಲಿ ತರಕಾರಿ ಮುಟ್ಟುತ್ತೇವೆ. ಅರದಿಂದ ಉಜ್ಜುವಾಗ ಏಳುವ ಪುಡಿ ಇನ್ನೂ ಅಪಾಯ.

ಪುಣೆಯ ಬುಧವಾರ ಪೇಠೆಯ ತಪಕೀರ್ ಗಲ್ಲಿಗೆ ಹೋದರೆ ಎಲೆಕ್ಟ್ರಾನಿಕ್ಸ್ ಸಾಮಾನಿನ ಜೊತೆ ಬೆಸುಗೆ ತಂತಿಯ ಸುರುಳಿಗಳು ಕಾಣುತ್ತವೆ. ಕೈ ತಕ್ಷಣ ಅತ್ತ ಹೋಗುತ್ತದೆ. ತಡೆಯಿರಿ. ಸಾಮಾನ್ಯ ಬೆಸುಗೆ ತಂತಿಯಲ್ಲಿ ನೂರಕ್ಕೆ 40ರಷ್ಟು ಸೀಸ ಇರುತ್ತದೆ. ಮೇಲಾಗಿ ಅದರ ಹೊಟ್ಟೆಯಲ್ಲಿ ಬೆಸುಗೆ ಹಿಡಿಯಲು ನೆರವಾಗುವ ರಾಳದಂಥ ಫ್ಲಕ್ಸ್ ತುಂಬಿರುತ್ತದೆ, ಕರಗಿಸಿದರೆ ಮನೆಯೆಲ್ಲ ಹೊಗೆ. ಕಾರ್ಖಾನೆಗಳಲ್ಲಿ ಬಳಸುವ ಸೀಸವಿಲ್ಲದ ಬೆಸುಗೆ ಲೋಹದ ಗಟ್ಟಿಯನ್ನು (ಬಾರ್) ಕೇಳಿ. 99.3 ಪಾಲು ತವರ, 0.7 ಪಾಲು ತಾಮ್ರ, 227 ಡಿಗ್ರಿಗೆ ಕರಗುತ್ತದೆ, ಫ್ಲಕ್ಸ್ ಇಲ್ಲ. ಪ್ಯೂಟರ್‌ಗಿಂತ ಸ್ವಲ್ಪ ಮೆದು, ಆದರೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಆಂಟಿಮನಿ ತಂದು ಮನೆಯಲ್ಲೇ ಬೆರೆಸುವ ಸಾಹಸ ಬೇಡ, ಅದು ವಿಷ.

ಕಾಕಾ ಹೇಳುವ ವೈಟ್ ಮೆಟಲ್ ಕೂಡ ಇದರ ದಾಯಾದಿಯೇ. ಬೇರಿಂಗ್‌ಗೆ ಹುಯ್ಯುವ ಒಂದು ಬಗೆಯಲ್ಲಿ ತವರ 91, ಆಂಟಿಮನಿ 4.5, ತಾಮ್ರ 4.5. ಓದಿದರೆ ಪ್ಯೂಟರ್ ಅಂತಲೇ ಅನ್ನಿಸುತ್ತದೆ. ಆದರೆ ತಾಮ್ರ ಜಾಸ್ತಿ ಇರುವುದರಿಂದ ಅದು ಪೂರ್ತಿ ನೀರಾಗಲು 370 ಡಿಗ್ರಿ ಬೇಕು. ಉಕ್ಕಿನ ಮೇಲೆ ಹುಯ್ಯಲು ತೊಂದರೆಯಿಲ್ಲ, ಕಟ್ಟಿಗೆ ಅಷ್ಟು ತಡೆಯುವುದಿಲ್ಲ. ಸೀಸ ಹೆಚ್ಚಿರುವ ವೈಟ್ ಮೆಟಲ್‌ಗಳೂ ಇವೆ. ಹಾಗಾಗಿ ಗುಜರಿಯಲ್ಲಿ ಸಿಕ್ಕಿತು ಅಂತ ತರಬೇಡಿ.

ಈಗ ಅಂಟುವ ವಿಷಯಕ್ಕೆ ಬರೋಣ. ಪ್ಯೂಟರ್ ಕಟ್ಟಿಗೆಗೆ ಅಂಟುವುದಿಲ್ಲ ಅಂದೆ. ಹಾಗಾದರೆ ಯಾಕೆ ಕಳಚಿ ಬೀಳುವುದಿಲ್ಲ? ಆಕಾರದಿಂದ. ಕಟ್ಟಿಗೆಯಲ್ಲಿ ಮೊದಲೇ ಕೊರೆದಿಟ್ಟ ಹಳ್ಳ, ತೂತುಗಳೊಳಗೆ ಲೋಹ ಹರಿದು, ಅಲ್ಲೇ ಹೆಪ್ಪುಗಟ್ಟಿ, ಹೊರಗೆ ಬರಲಾರದ ಹಾಗೆ ಸಿಕ್ಕಿಹಾಕಿಕೊಳ್ಳುತ್ತದೆ. ಹಿಡಿತ ಪೂರ್ತಿ ಉಳಿಯ ಕೆಲಸದಲ್ಲಿದೆ, ಹುಯ್ಯುವುದರಲ್ಲಿ ಇಲ್ಲ.

ಹಿಡಿಕೆಯ ತುದಿಯಲ್ಲಿ ಬಳೆ ಬರಬೇಕಾದ ಅಗಲಕ್ಕೆ ಸುತ್ತಲೂ ಎರಡು ಮೂರು ಮಿಲಿಮೀಟರ್ ಆಳ ಕೆತ್ತಿ ತೆಗೆಯುತ್ತಾರೆ. ಅದಕ್ಕಿಂತ ತೆಳುವಾದರೆ ಲೋಹ ಸುತ್ತಿ ಬರುವ ಮೊದಲೇ ಗಟ್ಟಿಯಾಗುತ್ತದೆ. ಬರೀ ಸುತ್ತು ಬಳೆ ಇದ್ದರೆ ಅದು ಮುಂದೆ ಜಾರಬಹುದು, ತಿರುಗಬಹುದು. ಅದಕ್ಕೇ ಹಿಡಿಕೆಯ ಉದ್ದಕ್ಕೆ ಎಲೆಯಂಥದೋ ವಜ್ರದ ಆಕಾರದ್ದೋ ಒಂದೆರಡು ಹಳ್ಳ ತೆಗೆದು ಬಳೆಗೆ ಸೇರಿಸುತ್ತಾರೆ. ಹಳೆಯ ಚಾಕುಗಳಲ್ಲಿ ಕಾಣುವ ಆ ಚಂದದ ನಾಲಗೆಗಳು ಬರೀ ಅಲಂಕಾರ ಅಲ್ಲ. ಹಳ್ಳದ ಗೋಡೆಗಳನ್ನು ಒಳಗೆ ಹೋದಂತೆ ಸ್ವಲ್ಪ ಅಗಲವಾಗುವ ಹಾಗೆ ಕೊರೆಯಬೇಕು, ಬಾಯಿ ಕಿರಿದು, ತಳ ಅಗಲ. ಬೀದರಿನವರು ಬಿದರಿ ಕೆಲಸದಲ್ಲಿ ಕೊರೆದ ಗೀರಿಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರಲ್ಲ, ಅಲ್ಲಿಯೂ ಹಿಡಿತ ಗೀರಿನದ್ದೇ. ಜೊತೆಗೆ ಒಂದು ಬದಿಯ ಹಳ್ಳದಿಂದ ಇನ್ನೊಂದು ಬದಿಯ ಹಳ್ಳಕ್ಕೆ ಆರ್‌ಪಾರ್ ತೂತು ಕೊರೆದರೆ ಇನ್ನೂ ಭದ್ರ. ಲೋಹ ಆ ತೂತಿನಲ್ಲೂ ತುಂಬಿ ಎರಡೂ ಕಡೆಯನ್ನು ಒಳಗಿನಿಂದಲೇ ಮೊಳೆ ಹೊಡೆದ ಹಾಗೆ ಕಟ್ಟಿಹಾಕುತ್ತದೆ.

ತವರ ಗಟ್ಟಿಯಾಗುವಾಗ ಗಾತ್ರದಲ್ಲಿ ನೂರಕ್ಕೆ ಮೂರರ ಹತ್ತಿರ ಕುಗ್ಗುತ್ತದೆ. ಸುತ್ತು ಬಳೆಗೆ ಇದು ಲಾಭ, ಕಟ್ಟಿಗೆಯನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಹಳ್ಳದಲ್ಲಿ ತುಂಬಿದ ಲೋಹಕ್ಕೆ ಅದೇ ನಷ್ಟ, ಗೋಡೆಯಿಂದ ದೂರ ಸರಿಯುತ್ತದೆ. ಆ ಸಣ್ಣ ಸಂದು ಕಾಣಬಾರದು ಅಂದರೆ ಹಳ್ಳದ ಅಂಚುಗಳು ಚೂಪಾಗಿ, ಶುದ್ಧವಾಗಿ ಇರಬೇಕು. ಮೊಂಡು ಉಳಿಯಿಂದ ಕಿತ್ತ ಅಂಚನ್ನು ಆಮೇಲೆ ಯಾವ ಪಾಲಿಶ್ ಕೂಡ ಮುಚ್ಚುವುದಿಲ್ಲ.

ಅಚ್ಚು ಕಟ್ಟುವುದು ಸರಳ. ಅಲಗಿನ ಬಾಲವನ್ನು ಹಿಡಿಕೆಯೊಳಗೆ ಕೂರಿಸಿ, ಅಲಗಿಗೆ ಬಟ್ಟೆ ಸುತ್ತಿ, ಅಲಗು ಮೇಲೆ ಬರುವ ಹಾಗೆ ನಿಲ್ಲಿಸಿಕೊಳ್ಳಬೇಕು. ದಪ್ಪ ಡ್ರಾಯಿಂಗ್ ಶೀಟನ್ನು ಹಿಡಿಕೆಗೆ ಬಿಗಿಯಾಗಿ ಎರಡು ಮೂರು ಸುತ್ತು ಸುತ್ತಿ, ಮೇಲೆ ಮಾಸ್ಕಿಂಗ್ ಟೇಪ್, ಅದರ ಮೇಲೆ ದಾರ. ಕಾಗದ ಹಳ್ಳಗಳನ್ನೆಲ್ಲ ಮುಚ್ಚಿ, ಬಳೆಯ ಅಂಚಿಗಿಂತ ಒಂದೆರಡು ಸೆಂಟಿಮೀಟರ್ ಮೇಲಕ್ಕೆ ಎದ್ದು ನಿಲ್ಲಬೇಕು. ಆ ಹೆಚ್ಚುವರಿ ಎತ್ತರದಲ್ಲೂ ಲೋಹ ತುಂಬುತ್ತೇವೆ. ಕೆಳಗಿನ ಲೋಹ ಕುಗ್ಗಿದಾಗ ಮೇಲಿನಿಂದ ಇಳಿದು ಜಾಗ ತುಂಬುತ್ತದೆ. ಆಮೇಲೆ ಗರಗಸದಿಂದ ಕತ್ತರಿಸಿದರಾಯಿತು, ಆ ತುಂಡು ಮುಂದಿನ ಸಲಕ್ಕೆ ಬರುತ್ತದೆ. ಗಾಳಿ ಹೊರಗೆ ಹೋಗಲು ದಾರಿ ಬೇಕು. ಕೆಳಗೆ ತೂಗುವ ಹಳ್ಳದ ತುದಿಯಲ್ಲಿ ಗಾಳಿ ಸಿಕ್ಕಿಕೊಂಡರೆ ಲೋಹ ಅಲ್ಲಿಗೆ ಇಳಿಯುವುದೇ ಇಲ್ಲ. ಸೂಜಿಯಿಂದ ಕಾಗದಕ್ಕೆ ಅಲ್ಲೊಂದು ಸಣ್ಣ ತೂತು ಹಾಕಿದರೆ ಸಾಕು.

ಲೋಹವನ್ನು ಕಬ್ಬಿಣದ ಸೌಟಿನಲ್ಲಿ ಕರಗಿಸಿ, ಮೇಲೆ ಕಟ್ಟಿದ ಕಿಟ್ಟ ಬದಿಗೆ ಸರಿಸಿ, ಒಂದೇ ಧಾರೆಯಲ್ಲಿ ಹುಯ್ಯಬೇಕು. ನಡುವೆ ಕೈ ತಡೆದರೆ ಮೊದಲು ಬಿದ್ದದ್ದು ಗಟ್ಟಿಯಾಗಿ, ಆಮೇಲೆ ಬಿದ್ದದ್ದು ಅದಕ್ಕೆ ಸೇರದೆ ಗೀರು ಉಳಿಯುತ್ತದೆ. ಬೇಕಾದ್ದಕ್ಕಿಂತ ಜಾಸ್ತಿಯೇ ಕರಗಿಸಿಕೊಳ್ಳಿ. ಹಿಡಿಕೆಯನ್ನು ಮೊದಲೇ ಕೈಗೆ ಹಿಡಿಯಲು ಆಗದಷ್ಟು ಬೆಚ್ಚಗೆ ಮಾಡಿಟ್ಟುಕೊಂಡರೆ ಲೋಹ ಮೂಲೆಮೂಲೆಗೂ ಹರಿಯುತ್ತದೆ.

ಬೆಚ್ಚಗೆ ಮಾಡುವುದಕ್ಕೆ ಇನ್ನೊಂದು ದೊಡ್ಡ ಕಾರಣ ನೀರು. ಒಂದು ಗ್ರಾಂ ನೀರು ಆವಿಯಾದರೆ ಒಂದೂವರೆ ಲೀಟರಿಗಿಂತ ಹೆಚ್ಚು ಜಾಗ ಬೇಡುತ್ತದೆ. ಕಟ್ಟಿಗೆಯಲ್ಲಿ ತೇವ ಇದ್ದರೆ ಆ ಆವಿ ಲೋಹದೊಳಗಿಂದಲೇ ಗುಳ್ಳೆ ಎಬ್ಬಿಸಿ ಹೊರಬರುತ್ತದೆ. ಬಳೆಯ ಮೈಯೆಲ್ಲ ಸೂಜಿ ತೂತು. ಕರಗಿದ ಲೋಹಕ್ಕೆ ಒಂದು ಹನಿ ನೀರು ಬಿದ್ದರಂತೂ ಸಿಡಿದು ಮುಖಕ್ಕೇ ಬರುತ್ತದೆ. ಕನ್ನಡಕ, ದಪ್ಪ ಕೈಗವಸು, ಮುಚ್ಚಿದ ಬೂಟು, ಹತ್ತಿ ಬಟ್ಟೆ, ಇವಿಷ್ಟಿಲ್ಲದೆ ಸೌಟು ಮುಟ್ಟಬೇಡಿ. ಹತ್ತಿರ ಮಕ್ಕಳೂ ಬೇಡ, ಕುಡಿಯುವ ನೀರಿನ ಬಾಟಲಿಯೂ ಬೇಡ.

ಪುಣೆಯಲ್ಲಿರುವವರಿಗೆ ಈ ತೇವದ ವಿಷಯ ಇನ್ನೂ ಒಂದು ರೀತಿಯಲ್ಲಿ ಮುಖ್ಯ. ಇಲ್ಲಿ ಏಪ್ರಿಲ್ ಮಧ್ಯಾಹ್ನ ಗಾಳಿ ಎಷ್ಟು ಒಣಗಿರುತ್ತದೆ ಅಂದರೆ ತುಟಿ ಒಡೆಯುತ್ತದೆ. ಜುಲೈನಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಕಟ್ಟಿಗೆ ಈ ಗಾಳಿಯ ಜೊತೆಗೇ ಉಸಿರಾಡುತ್ತದೆ. ಗಾಳಿಯ ತೇವಾಂಶ ನೂರಕ್ಕೆ 80ರಲ್ಲಿ ನಿಂತರೆ ಕಟ್ಟಿಗೆ ತನ್ನ ಒಣ ತೂಕದ ನೂರಕ್ಕೆ 16ರಷ್ಟು ನೀರು ಹೀರಿಕೊಂಡು ಕೂರುತ್ತದೆ. ತೇವಾಂಶ 30ಕ್ಕೆ ಇಳಿದರೆ ಅದು 6ಕ್ಕೆ ಇಳಿಯುತ್ತದೆ. ಈ ಏರಿಳಿತಕ್ಕೆ 25 ಮಿಲಿಮೀಟರ್ ದಪ್ಪದ ಹಿಡಿಕೆ ಅಡ್ಡಕ್ಕೆ ಕಾಲರಿಂದ ಅರ್ಧ ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಲೋಹ ಮಾತ್ರ ಇದ್ದಲ್ಲೇ ಇರುತ್ತದೆ. ಮಳೆಗಾಲದಲ್ಲಿ ಹುಯ್ದ ಬಳೆ ಬೇಸಿಗೆಗೆ ಸಡಿಲವಾಗಿ ಗಲಗಲ ಅನ್ನುತ್ತದೆ. ಬೇಸಿಗೆಯಲ್ಲಿ ಹುಯ್ದದ್ದು ಮಳೆಗಾಲಕ್ಕೆ ಇನ್ನೂ ಬಿಗಿಯಾಗುತ್ತದೆ. ಬಿಗಿಯಾದರೆ ತೊಂದರೆ ಕಡಿಮೆ, ಪ್ಯೂಟರ್ ಮೆತ್ತನೆಯ ಲೋಹ, ಸ್ವಲ್ಪ ಹಿಗ್ಗಿ ಜಾಗ ಬಿಡುತ್ತದೆ. ಹಾಗಾಗಿ ಮಾರ್ಚ್‌ನಿಂದ ಮೇ ಒಳಗೆ ಹುಯ್ಯುವ ಕೆಲಸ ಮುಗಿಸಿ, ಮಳೆಗಾಲದಲ್ಲಿ ಕೆತ್ತನೆ ಇಟ್ಟುಕೊಳ್ಳುವುದು ಒಳ್ಳೆಯದು. ಮುಂಬಯಿಯಲ್ಲಿರುವವರಿಗೆ ಅಷ್ಟು ಒಣ ಹವೆ ಸಿಗುವುದು ಕಷ್ಟ. ಅವರು ಹಿಡಿಕೆಯನ್ನು ಹಣ್ಣು ಒಣಗಿಸುವಷ್ಟು ಸಣ್ಣ ಬಿಸಿಯ ಓವನ್ನಿನಲ್ಲಿ ಕೆಲವು ಗಂಟೆ ಇಟ್ಟು ತೆಗೆಯಬೇಕಾಗುತ್ತದೆ.

ಯಾವ ಕಟ್ಟಿಗೆ? ಗಟ್ಟಿಯಾದ, ಎಳೆ ಸಣ್ಣದಿರುವ ಕಟ್ಟಿಗೆ. ಬೀಟೆ ಚೆನ್ನಾಗಿದೆ. ಕರಿಜಾಲಿ ನಮ್ಮ ರೈತರು ಹಿಂದಿನಿಂದಲೂ ಸಲಕರಣೆಗಳ ಹಿಡಿಕೆಗೆ ಹಾಕಿದ್ದೇ. ಹುಣಸೆಯೂ ನಡೆಯುತ್ತದೆ. ಸಾಗುವಾನಿಯಲ್ಲಿ ಎಣ್ಣೆ ಇರುವುದರಿಂದ ಸ್ವಲ್ಪ ಹೊಗೆಯಾಡುತ್ತದೆ. ಪೈನ್ ಬೇಡ, ಅದರ ರಾಳ ಕುದಿದು ಗುಳ್ಳೆ ಎಬ್ಬಿಸುತ್ತದೆ.

ಜಿಂಕೆ ಕೊಂಬಿನ ಮಾತು ಬಂದಾಗ ನಮ್ಮವರು ಸ್ವಲ್ಪ ಎಚ್ಚರ ವಹಿಸಬೇಕು. ಅಮೆರಿಕ, ಯುರೋಪಿನಲ್ಲಿ ಕಾಡಿನಲ್ಲಿ ಉದುರಿದ ಕೊಂಬು ಹೆಕ್ಕಿ ತಂದು ಹಿಡಿಕೆ ಮಾಡುತ್ತಾರೆ. ಚಿತ್ರ ನೋಡಿದರೆ ನಮಗೂ ಆಸೆಯಾಗುತ್ತದೆ. ನಮ್ಮ ಚುಕ್ಕೆ ಜಿಂಕೆ, ಕಡವೆಗಳೂ ಕೊಂಬು ಉದುರಿಸಿ ಮತ್ತೆ ಬೆಳೆಸುತ್ತವೆ ನಿಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹೆಕ್ಕುವುದು, ಇಟ್ಟುಕೊಳ್ಳುವುದು, ಮಾರುವುದು ಎಲ್ಲವೂ ಅಪರಾಧ. ತಾನಾಗಿ ಉದುರಿದ್ದು ಅನ್ನುವ ನೆಪ ನಡೆಯುವುದಿಲ್ಲ. ದಾಂಡೇಲಿ ಕಡೆ ಸುತ್ತಾಡಲು ಹೋದಾಗ ಕಾಲಿಗೆ ಸಿಕ್ಕರೂ ಅಲ್ಲೇ ಬಿಟ್ಟು ಬನ್ನಿ.

ಕೊಂಬಿಲ್ಲದಿದ್ದರೆ ಎಮ್ಮೆ ಕೋಡು ಇದೆಯಲ್ಲ ಅಂತ ಹೊಳೆಯುತ್ತದೆ. ನೋಡಲು ಒಂದೇ ಜಾತಿ ಅನ್ನಿಸಿದರೂ ಇವೆರಡೂ ಪೂರ್ತಿ ಬೇರೆ. ಜಿಂಕೆಯ ಕೊಂಬು ನಿಜಕ್ಕೂ ಮೂಳೆ. ಹೊರಗೆ ಗಟ್ಟಿ, ಒಳಗೆ ಸ್ಪಂಜಿನ ಹಾಗೆ ತೂತುತೂತು. ಲೋಹ ಆ ತೂತುಗಳೊಳಗೂ ಇಳಿದು ಬೇರು ಬಿಟ್ಟ ಹಾಗೆ ಹಿಡಿಯುತ್ತದೆ. ಎಮ್ಮೆ ಕೋಡಿನ ಹೊರಚಿಪ್ಪು ನಮ್ಮ ಉಗುರು, ಕೂದಲಿನ ವಸ್ತು, ಕೆರಾಟಿನ್. ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಕೋಡಿನ ಬಾಚಣಿಗೆ ಮಾಡುವವರು ಅದನ್ನು ಕಾಯಿಸಿ ಚಪ್ಪಟೆ ಮಾಡುವುದು ಈ ಗುಣದಿಂದಲೇ. ಅದರ ಮೇಲೆ ಪ್ಯೂಟರ್ ಹುಯ್ದರೆ ಪದರ ಬಿಟ್ಟು ಉಬ್ಬುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ. ಹಾಗಾಗಿ ಕೊಂಬಿಗೆ ಬದಲು ಬೇಕಾದರೆ ಎಮ್ಮೆಯ ಮೂಳೆ ಸರಿ. ಉತ್ತರ ಪ್ರದೇಶದ ಸಂಭಲ್‌ನಲ್ಲಿ ಕೋಡು, ಮೂಳೆಯ ಕುಶಲ ಕೆಲಸ ಬಹಳ ದಿನದಿಂದ ನಡೆಯುತ್ತಿದೆ, ಸ್ವಚ್ಛ ಮಾಡಿದ ಮೂಳೆ ಅಲ್ಲಿಂದ ಬರುತ್ತದೆ. ಕಸಾಯಿಖಾನೆಯ ಹಸಿ ಮೂಳೆ ಮಾತ್ರ ಬೇಡ. ಒಳಗಿನ ಕೊಬ್ಬು ಬಿಸಿಗೆ ಕರಗಿ, ಹೊಗೆಯೆದ್ದು, ಬಳೆಯ ಕೆಳಗೆ ಹಳದಿ ಕಲೆ ಬಿಡುತ್ತದೆ.

ಗಟ್ಟಿಯಾದ ಮೇಲೆ ಅವಸರ ಬೇಡ. ಮೇಲೆ ಗಟ್ಟಿ ಕಂಡರೂ ಒಳಗೆ ಇನ್ನೂ ಮೆತ್ತಗಿರಬಹುದು. ಪೂರ್ತಿ ತಣ್ಣಗಾದ ಮೇಲೆ ಕಾಗದ ಬಿಚ್ಚಿ. ಪುಣೆಯ ಬೋಹರಿ ಆಳಿಯಲ್ಲಿ ಅರ ಕೊಳ್ಳುವಾಗ ಹಲ್ಲು ಸ್ವಲ್ಪ ದೊಡ್ಡದಿರುವುದನ್ನೇ ಆರಿಸಿ. ಪ್ಯೂಟರ್ ಮೆದುವಾದ್ದರಿಂದ ಸಣ್ಣ ಹಲ್ಲು ಎರಡೇ ಎಳೆತಕ್ಕೆ ಕಟ್ಟಿಕೊಳ್ಳುತ್ತದೆ. ಅರದ ಮೇಲೆ ಸೀಮೆಸುಣ್ಣ ಉಜ್ಜಿಕೊಂಡರೆ ಅಷ್ಟು ಕಟ್ಟುವುದಿಲ್ಲ. ಪಾಲಿಶ್ ಪೇಪರ್ ಹಾಕುವಾಗ ಒಂದು ಗಮನ ಇರಲಿ. ಲೋಹದ ಬೂದು ಪುಡಿ ಕಟ್ಟಿಗೆಯ ಎಳೆಯೊಳಗೆ ಹೊಕ್ಕು ಕೊಳಕಾಗಿ ಕಾಣುತ್ತದೆ, ಬಿಳಿ ಮೂಳೆಯಲ್ಲಂತೂ ಎದ್ದು ಕಾಣುತ್ತದೆ. ಪುಡಿ ಒಳಗೆ ಹೋಗದಿರಲಿ ಅಂತ ಹುಯ್ಯುವ ಮೊದಲೇ ಹಿಡಿಕೆಯ ಉಳಿದ ಭಾಗಕ್ಕೆ ಎಣ್ಣೆ ಹಚ್ಚಿದರೆ ಲೋಹ ಹುಯ್ಯುವಾಗ ಅದು ಹೊಗೆಯಾಡುತ್ತದೆ. ಹಾಗಾಗಿ ಪುಡಿಯನ್ನು ಆಗಾಗ ಬ್ರಷ್‌ನಿಂದ ಕೊಡವುತ್ತಾ, ಎಳೆಯ ಉದ್ದಕ್ಕೇ ಉಜ್ಜಿ, ಎಲ್ಲ ಮುಗಿದ ಮೇಲೆ ಅಗಸೆ ಎಣ್ಣೆ ಹಚ್ಚುವುದು ಸರಿಯಾದ ಕ್ರಮ.

ಬಳೆ ಕೆಟ್ಟರೆ? ಗುಳ್ಳೆ ಬಿದ್ದರೆ, ಅರ್ಧಕ್ಕೇ ನಿಂತರೆ, ಗರಗಸದಿಂದ ಸೀಳಿ ತೆಗೆದು ಮತ್ತೆ ಸೌಟಿಗೆ ಹಾಕಬಹುದು. ಲೋಹ ಕೆಡುವುದಿಲ್ಲ. ಆದರೆ ಹಳ್ಳದ ಗೋಡೆ ಒಮ್ಮೆ ಬಿಸಿ ತಿಂದಿರುತ್ತದೆ, ಅದನ್ನು ಉಳಿಯಿಂದ ಹೊಸದಾಗಿ ಕೆರೆದು ಮತ್ತೆ ಹುಯ್ಯಬೇಕು. ಸಣ್ಣ ಗುಳ್ಳೆಗಾದರೆ ಬಿಸಿ ಬೆಸುಗೆ ಕಡ್ಡಿಯ (ಸೋಲ್ಡರಿಂಗ್ ಐರನ್) ತುದಿಯಿಂದ ಅದೇ ಲೋಹ ತುಂಬಬಹುದು, ಕೈ ಹಗುರವಾಗಿರಬೇಕು.

ಚಾಕು ಅಡುಗೆಮನೆಗೆ ಹೋಗುವುದಾದರೆ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ. ಗ್ಯಾಸಿನ ಉರಿ ಬಿಡಿ, ಖಾಲಿ ಕಾದ ಕಾವಲಿಯ ಅಂಚಿಗೆ ಒರಗಿಸಿಟ್ಟರೂ ಈ ಬಳೆ ಕರಗಿ ಇಳಿಯಬಹುದು, ಕಾವಲಿ 230 ಡಿಗ್ರಿ ದಾಟುವುದು ಕಷ್ಟವೇನಲ್ಲ. ನೀರಿನಲ್ಲಿ ನೆನೆಹಾಕುವುದೂ ಬೇಡ. ತೊಳೆದು, ಒರೆಸಿ, ಒಲೆಯಿಂದ ದೂರದ ಗೋಡೆಯ ಮೊಳೆಗೆ ತೂಗುಹಾಕಿದರೆ ಆಯಿತು.